ಉತ್ತರಾರ್ಧ

ಅಮ್ಮ ಅರ್ಧ ಹೇಳಿ ನಿಲ್ಲಿಸುತ್ತಿದ್ದರು. ಹೇಳುವುದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಎದೆ ನಡುಗಿಸುತ್ತಿದ್ದದ್ದು ಆ ನಿಲ್ಲಿಸುವುದು.

ಜಪಸರ ಹೇಳಿ ರೂಢಿಯಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ರೈಸ್ತರ ಮನೆಗಳಲ್ಲಿ ಜಪಸರವನ್ನು, ಅಂದರೆ ಮಣಿ ಎಣಿಸುತ್ತ ಮಾತೆ ಮರಿಯಳಿಗೆ ಹೇಳುವ ಪ್ರಾರ್ಥನೆಯನ್ನು, ಎರಡು ಪಾಲು ಮಾಡಿಕೊಂಡು ಹೇಳುತ್ತಾರೆ. ಒಬ್ಬರು 'ನಮೋ ಮರಿಯೇ' ಎಂದು ಎತ್ತಿಕೊಂಡು 'ಯೇಸು ಧನ್ಯರು' ಎನ್ನುವವರೆಗೆ ಬಂದು ಕೈಬಿಡುತ್ತಾರೆ. ಉಳಿದವರು ಅಲ್ಲಿಂದ 'ಸಂತ ಮರಿಯೇ, ದೇವರ ಮಾತೆಯೇ' ಎಂದು ಹಿಡಿದು ಆಮೆನ್‌ವರೆಗೆ ಮುಟ್ಟಿಸುತ್ತಾರೆ. ಒಂದು ಮಣಿ ಸರಿಯುತ್ತದೆ, ಮತ್ತೆ ಮೊದಲಿನಿಂದ. ಮರ ಕೊಯ್ಯುವ ದೊಡ್ಡ ಗರಗಸಕ್ಕೆ ಆಚೆ ಈಚೆ ಇಬ್ಬರು ಬೇಕಲ್ಲ, ಹಾಗೆ. ಒಂದು ಕಡೆ ಜನವೇ ಇಲ್ಲದೆ ಗರಗಸ ಹೋಗಿ ಬಂದು ಮಾಡುತ್ತಿದ್ದರೆ ನೋಡುವವರಿಗೆ ಹೇಗಾಗಬೇಡ?

ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದ ಮೇಲೆ ಅಮ್ಮನಿಗೆ ಉಳಿದದ್ದು ಈ ಪ್ರಾರ್ಥನೆ ಒಂದೇ. ನೀರು ಬೇಕು ಎನ್ನಲು ಬರುತ್ತಿರಲಿಲ್ಲ. ಹೆತ್ತ ಮಗಳ ಹೆಸರು ಬರುತ್ತಿರಲಿಲ್ಲ. ಮಧ್ಯಾಹ್ನದ ಊಟವಾಗಿ, ಬೀದಿಯ ಸದ್ದಡಗಿ, ಕಿಟಕಿಯ ಬಿಸಿಲು ಎದುರು ಗೋಡೆಗೆ ಬೀಳುವ ಹೊತ್ತಿಗೆ ಮಾತ್ರ ಆ ಸೊಟ್ಟಗಾದ ಬಾಯಿಂದ 'ನಮೋ ಮರಿಯೇ' ಎನ್ನುವುದು ಒಂದಕ್ಷರ ಕುಂಟದೆ ಹೊರಗೆ ಬರುತ್ತಿತ್ತು. ಡಾಕ್ಟರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಬಾಯಿಪಾಠ ಆಗಿರೋದು ಮಿದುಳಲ್ಲಿ ಬೇರೆ ಕಡೆ ಕೂತಿರುತ್ತೆ. ಪ್ರಾರ್ಥನೆ, ಮಗ್ಗಿ, ಬೈಗುಳ ಇವೆಲ್ಲ ಉಳ್ಕೊಂಡುಬಿಡ್ತವೆ," ಎಂದರು. ಅಮ್ಮ ಮಗ್ಗಿ ಕಲಿತವರಲ್ಲ, ಬೈಗುಳ ಆಡಿದವರಂತೂ ಅಲ್ಲವೇ ಅಲ್ಲ. ಹಾಗಾಗಿ ಅವರ ಪಾಲಿಗೆ ಉಳಿದದ್ದು ಇದೇ.

'ಯೇಸು ಧನ್ಯರು' ಎಂದು ಅಮ್ಮ ನಿಲ್ಲಿಸುತ್ತಿದ್ದರು. ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು, ಹೆಚ್ಚಿಲ್ಲ ಕಡಿಮೆಯಿಲ್ಲ, ಸುಮ್ಮನಿರುತ್ತಿದ್ದರು. ಆಮೇಲೆ ಸಮಾಧಾನವಾದವರಂತೆ ತಲೆ ಆಡಿಸಿ, ಎಡಗೈಯಲ್ಲಿ ಮಣಿ ಸರಿಸಿ, ಮುಂದಿನದನ್ನು ಶುರು ಮಾಡುತ್ತಿದ್ದರು. ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ಇನ್ನೊಂದು ಜೀವ ಇರಲಿಲ್ಲ.

ಮಗಳು ಇದ್ದದ್ದು ಪಕ್ಕದ ಕೋಣೆಯಲ್ಲಿ. ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವಳು ಅದಕ್ಕೆ ಗಾರೆ ಹೊಯ್ದು ದವಡೆ ಎಬ್ಬಿಸಿ, ಮೇಣದ ದಿಂಡಿನ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಮೇಜಿನ ಹಿಂದಿನ ಕಪಾಟಿನಲ್ಲಿ ಬಿಳಿ ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ಬೀದಿಯವರು ಅವಳನ್ನು ಹಲ್ಲಿನಕ್ಕ ಎನ್ನುತ್ತಿದ್ದರು. ಸಣ್ಣ ಮಕ್ಕಳಿಗೆ ಅದು ಹಲ್ಲಿ ಅಕ್ಕ ಎಂದು ಕೇಳಿಸಿ, ಗೋಡೆ ಹತ್ತುತ್ತಾಳೋ ಏನೋ ಎಂದು ಕಿಟಕಿಯಲ್ಲಿ ಇಣುಕಿ ಓಡುತ್ತಿದ್ದವು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಮಕ್ಕಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇದ್ದ ಸಿಟ್ಟನ್ನೆಲ್ಲ ಬೇರೊಂದು ಕಡೆ ಒಟ್ಟು ಹಾಕಿಟ್ಟಿದ್ದಳು.

ಅವಳು ಚರ್ಚು ಬಿಟ್ಟಿದ್ದಳು. ಜನ ಚರ್ಚು ಬಿಡುವುದು ಬಹಳ ಸಲ ದೊಡ್ಡ ಕಾರಣಕ್ಕಲ್ಲ. ಒಂದು ಭಾನುವಾರ ನಿದ್ದೆ ಹೋಗುತ್ತಾರೆ, ಇನ್ನೊಂದು ಭಾನುವಾರ ನೆಂಟರು ಬರುತ್ತಾರೆ, ಆಮೇಲೆ ಹೋಗಲು ನಾಚಿಕೆ, ಆಮೇಲೆ ನಾಚಿಕೆಯೂ ಇಲ್ಲ. ಹಲ್ಲಿನಕ್ಕನದು ಹಾಗಲ್ಲ. ಅವಳಿಗೆ ಒಂದು ಹೆಣ್ಣು ಮಗು ಹುಟ್ಟಿತ್ತು. ಒಂದು ಮಧ್ಯಾಹ್ನವಿಡೀ ಬದುಕಿತ್ತು. ತಲೆಗೆ ನೀರು ಹಾಕಿ ದೇವರ ಮಕ್ಕಳಲ್ಲಿ ಸೇರಿಸುವ ಜ್ಞಾನಸ್ನಾನವಾಗುವ ಮೊದಲೇ ಹೋಯಿತು. ಮಣ್ಣು ಮಾಡುವ ದಿನ ಆಗಿನ ಫಾದರ್ ಬಂದರು, ಒಳ್ಳೆಯ ಮನುಷ್ಯ, ಕಣ್ಣೀರು ಕೂಡ ಹಾಕಿದರು. ಆದರೆ ಜ್ಞಾನಸ್ನಾನವಾಗದ ಮಗುವಿಗೆ ಓದುವ ಪ್ರಾರ್ಥನೆ ಬೇರೆ. ಅದರಲ್ಲಿ ತಂದೆತಾಯಿಗೆ ಸಮಾಧಾನ ಕೊಡು ಎಂದಿತ್ತು, ಅವರ ನಂಬಿಕೆ ಗಟ್ಟಿ ಮಾಡು ಎಂದಿತ್ತು. ಮಗುವನ್ನು ಏನು ಮಾಡು ಎಂದು ಒಂದು ಮಾತಿರಲಿಲ್ಲ. ಹಲ್ಲಿನಕ್ಕ ಕಿವಿ ನೆಟ್ಟು ಕೊನೆಯವರೆಗೂ ಕಾದಳು. ಎಲ್ಲರೂ ಆಮೆನ್ ಎಂದರು. ಅವಳು ಅನ್ನಲಿಲ್ಲ. ಅಂದು ಕಚ್ಚಿದ ಹಲ್ಲು ಮತ್ತೆ ಬಿಡಲಿಲ್ಲ. ಗಂಡನೆಂಬುವನು ಆ ವರ್ಷವೇ ಬೇರೆ ದಾರಿ ಹಿಡಿದ. ಅವನ ಸುದ್ದಿ ಇಲ್ಲಿ ಬೇಡ.

ಅಮ್ಮ ಚರ್ಚು ಬಿಡಲಿಲ್ಲ. ಆ ಮಧ್ಯಾಹ್ನದಿಂದ ಅವರ ಮೊಣಕಾಲು ನೆಲ ಬಿಟ್ಟದ್ದೇ ಕಡಿಮೆ. ತಾಯಿ ಮಗಳು ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡುಕೊಂಡು, ಈ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಇದ್ದರು.

ಈಗ ಗೋಡೆಯಾಚೆ ಅಮ್ಮ ಅರ್ಧ ಹೇಳಿ ನಿಲ್ಲಿಸಿದಾಗಲೆಲ್ಲ ಹಲ್ಲಿನಕ್ಕನ ಚಾಕು ಮೇಣದ ಮೇಲೆ ನಿಂತುಬಿಡುತ್ತಿತ್ತು. ಮೊದಮೊದಲು ಅವಳಿಗೆ ಅನಿಸಿದ್ದು, ಇದು ತನಗೆ ಕೊಡುತ್ತಿರುವ ತಿವಿತ ಎಂದು. ನೀನು ಹೇಳಬೇಕಾದ್ದು ಹೇಳು ಎಂದು ಮುದುಕಿ ಹಟ ಹಿಡಿದಿದ್ದಾಳೆ, ನಾನಾ ಹೇಳುವವಳು ಎಂದು ಇವಳೂ ಹಟ ಹಿಡಿದಳು. ಒಂದು ದಿನ ಕೈಯಲ್ಲಿದ್ದ ಹಲ್ಲನ್ನು ದಿಂಡಿಗೆ ಒತ್ತುತ್ತ ಇರುವಾಗ ಗಮನಿಸಿದಳು. ಬಾಯಿ ಮುಚ್ಚಿದೆ, ಆದರೆ ಒಳಗೆ ನಾಲಿಗೆ ಸುಮ್ಮನಿಲ್ಲ. ಸಂತ ಮರಿಯೇ ಎನ್ನುವಾಗ ಎಲ್ಲಿ ತಾಗಬೇಕೋ ಅಲ್ಲಿ ತಾಗಿ, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ತನ್ನ ಪಾಡಿಗೆ ತಾನು ಉತ್ತರಾರ್ಧ ಮುಗಿಸಿ ಮಲಗಿತು. ಕಾಲು ಚರ್ಚು ಬಿಟ್ಟು ಬಂದಿತ್ತು, ನಾಲಿಗೆ ಬಿಟ್ಟಿರಲಿಲ್ಲ. ಅವಳಿಗೆ ತನ್ನ ನಾಲಿಗೆಯ ಮೇಲೇ ಕೋಪ ಬಂತು.

ಆಮೇಲೆ ರೇಡಿಯೋ ಹಾಕಿಡಲು ಶುರು ಮಾಡಿದಳು.

ರೇಡಿಯೋ ನಡುವೆಯೂ ಒಂದು ದಿನ ಕಿವಿಗೆ ಬಿತ್ತು. ಅಮ್ಮ 'ಯೇಸು ಧನ್ಯರು' ಎಂದು ನಿಲ್ಲಿಸಿದರು. ಸುಮ್ಮನಿದ್ದರು. ನಡುವೆ ಮೆಲ್ಲಗೆ, "ಈಗಲೂ..." ಎಂದರು. ಮತ್ತೆ ಸುಮ್ಮನಾದರು. ಆಮೇಲೆ ಮಣಿ ಸರಿಯಿತು.

ಹಲ್ಲಿನಕ್ಕ ರೇಡಿಯೋ ಆರಿಸಿದಳು.

ಮುಂದಿನ ಮಣಿಗೂ ಹಾಗೆಯೇ. ಅರ್ಧ ಹೇಳಿದರು, ಕಾದರು, ನಡುವೆ "ಈಗಲೂ..." ಎಂದು ಒಂದು ಪದ ಎತ್ತಿಕೊಟ್ಟರು, ಕಾದರು. ಅದರ ಮುಂದಿನದಕ್ಕೆ "ಮರಣದ..." ಎಂದು ಇನ್ನೊಂದು ಪದ. ಅದು ಪ್ರಾರ್ಥನೆ ಹೇಳುವವರ ಧಾಟಿಯಲ್ಲ. ಅದು ಪಾಠ ಹೇಳಿಕೊಡುವವರ ಧಾಟಿ. ಎದುರಿಗಿರುವವರು ತಡವರಿಸಿದಾಗ, ಮರೆತಾಗ, ಒಂದು ಪದ ಕೈಗೆ ಕೊಟ್ಟು ಮುಂದೆ ಹೋಗು ಎನ್ನುವ ಧಾಟಿ.

ಅವಳು ಬಾಗಿಲಿಗೆ ಬಂದು ನಿಂತು ನೋಡಿದಳು. ಅಮ್ಮ ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿರಲಿಲ್ಲ, ಗೋಡೆಯ ಶಿಲುಬೆಯ ಮೇಲೂ ಇರಲಿಲ್ಲ. ಹಾಸಿಗೆಯ ಕಾಲಕಡೆ, ಮಂಚದ ಅಂಚಿಗಿಂತ ಸ್ವಲ್ಪವೇ ಮೇಲೆ, ನೋಟ ಬಾಗಿ ನೆಟ್ಟಿತ್ತು. ದೊಡ್ಡವರು ನಿಂತರೆ ಮುಖ ಅಷ್ಟು ಕೆಳಗೆ ಬರುವುದಿಲ್ಲ. ಸ್ವಾಧೀನವಿದ್ದ ಎಡಗಾಲನ್ನು ಅಮ್ಮ ಮಡಚಿ ಇಟ್ಟುಕೊಂಡಿದ್ದರು, ಯಾರೋ ಕೂರಲು ಜಾಗ ಬಿಟ್ಟವರ ಹಾಗೆ. ಹೊರಗೆ ಹಾಡು ಹಗಲು, ಯಾರೋ ಸೈಕಲ್ ಬೆಲ್ಲು ಹೊಡೆದುಕೊಂಡು ಹೋದರು. ದೆವ್ವ ಭೂತಕ್ಕೆ ಹೆದರಬೇಕೆಂದರೆ ಕತ್ತಲಾದರೂ ಇರಬೇಕಲ್ಲ ಎಂದು ತನ್ನನ್ನೇ ಗದರಿಸಿಕೊಂಡಳು.

ಭಾನುವಾರ ಅಣ್ಣ ಬಂದ. ಅಣ್ಣ ಚರ್ಚಿನ ಕಂಬ. ಕುರ್ಚಿ ಜೋಡಿಸುವವನು ಅವನೇ, ಮೈಕು ಸರಿಮಾಡುವವನು ಅವನೇ, ಬೀಗದ ಕೈ ಅವನ ಸೊಂಟದಲ್ಲೇ. ದೇವರ ಮೇಲೆ ಅವನಿಗೆ ಎಷ್ಟು ಭಕ್ತಿಯೋ ತಿಳಿಯದು, ಬೆಂಚುಗಳು ನೇರವಾಗಿರುವುದರ ಮೇಲಂತೂ ಅಪಾರ ಭಕ್ತಿ. ಕೆಟ್ಟವನಲ್ಲ. ತಂಗಿ ಹೇಳಿದ್ದನ್ನು ಕೇಳಿ ಅವನು ನಕ್ಕುಬಿಟ್ಟ.

"ಅಯ್ಯೋ, ಅಮ್ಮ ನಿನಗೇ ಹೇಳಿಕೊಡ್ತಿದ್ದಾರೆ ಕಣೇ. ಸಣ್ಣವಳಿದ್ದಾಗ ನಿನಗೆ ಎಷ್ಟು ಒದ್ದಾಡಿಕೊಂಡು ಕಲಿಸಿದ್ರು, ನೆನಪಿಲ್ವಾ? ವಯಸ್ಸಾದೋರಿಗೆ ಹಾಗೇ, ಹಳೇದೆಲ್ಲ ಕಣ್ಣ ಮುಂದೆ ಬರುತ್ತೆ. ಅವರ ಲೆಕ್ಕದಲ್ಲಿ ನೀನಿನ್ನೂ ಲಂಗ ಹಾಕ್ಕೊಂಡಿದ್ದೀಯ."

"ನಾನು ಇಲ್ಲೇ ನಿಂತಿದ್ರೂ ನನ್ನ ಕಡೆ ನೋಡಲ್ಲ."

"ಈಗಿನ ನೀನು ಯಾರಿಗೆ ಬೇಕು? ಉತ್ತರ ಹೇಳ್ತಿದ್ದ ನೀನು ಬೇಕು ಅವರಿಗೆ," ಎಂದ ಅಣ್ಣ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಾತು ಚುಚ್ಚಿತು, ಆದರೆ ಸಮಾಧಾನವೂ ಆಯಿತು. ಸರಿ, ಹಾಗಾದರೆ ಆ ಮಂಚದ ಕಾಲಕಡೆ ಕೂತಿರುವುದು ತಾನೇ, ಎಂದೋ ಒಂದು ಕಾಲದ ತಾನು. ಕೂತಿರಲಿ ಬಿಡು. ಅವಳು ಮತ್ತೆ ಕೆಲಸಕ್ಕೆ ಕೂತಳು. ಮಧ್ಯಾಹ್ನಗಳು ಹಾಗೇ ಸರಿದವು. ಅಮ್ಮ ಎತ್ತಿಕೊಡುವ ಪದಗಳು ದಿನದಿಂದ ದಿನಕ್ಕೆ ಕಡಿಮೆಯಾದವು. ಉದ್ದವಿದ್ದ ಮೌನ ಚಿಕ್ಕದಾಯಿತು, ನಯವಾಯಿತು. ಕಲಿಯುವವರು ಕಲಿಯುತ್ತಿದ್ದರು.

ಒಂದೇ ಒಂದು ಜಾಗದಲ್ಲಿ ಮಾತ್ರ ತೊಡಕು ಉಳಿದಿತ್ತು. ಪ್ರತಿ ಸಲವೂ ಮೌನ ಶುರುವಾದ ಸ್ವಲ್ಪ ಹೊತ್ತಿಗೆ ಅಮ್ಮ ತಡೆದು, "ಪಾಪಿಗಳಾದ," ಎನ್ನುತ್ತಿದ್ದರು. 'ಪಿ' ಮೇಲೆ ಒತ್ತು ಕೊಟ್ಟು, ಎಡಗೈಯ ತೋರುಬೆರಳೆತ್ತಿ, "ಪಾ-ಪಿ-ಗಳಾದ." ಮುಂದಿನ ಮಣಿಗೂ ಅದೇ. "ಪಿ. ಪಾಪಿಗಳಾದ."

ಹಲ್ಲಿನಕ್ಕ ಒಂದು ದವಡೆಗೆ ಮುಂಬಲ್ಲು ಕೂರಿಸುತ್ತಿದ್ದಳು. ಬೆರಳು ಹಾಗೇ ನಿಂತಿತು. ಈ ತಪ್ಪು ಅವಳಿಗೆ ಗೊತ್ತಿತ್ತು. 'ಪಾಪಿಗಳಾದ ನಮಗಾಗಿ' ಎನ್ನುವುದನ್ನು ಸಣ್ಣ ಮಕ್ಕಳು ಕಿವಿಗೆ ಬಿದ್ದಂತೆ 'ಪಾಪುಗಳಾದ ನಮಗಾಗಿ' ಎನ್ನುತ್ತವೆ. ಪಾಪಿ ಎಂದರೇನೆಂದು ಮಕ್ಕಳಿಗೆ ಏನು ಗೊತ್ತು? ಪಾಪು ಎಂದರೆ ಗೊತ್ತು, ಅದು ತಾವೇ. ಅವಳೂ ಹಾಗೆಯೇ ಹೇಳುತ್ತಿದ್ದಳು, ಅಮ್ಮ ಹೀಗೆಯೇ ಬೆರಳೆತ್ತಿ 'ಪಿ' ಎನ್ನುತ್ತಿದ್ದರು. ಅಮ್ಮನಿಗೆ ಪ್ರಾರ್ಥನೆಯಲ್ಲಿ ಒಂದಕ್ಷರ ಆಚೀಚೆಯಾದರೆ ಆಗುತ್ತಿರಲಿಲ್ಲ. ತಪ್ಪಿ ಹೇಳಿದ ಪ್ರಾರ್ಥನೆ ಮೇಲೆ ಹೋಗುವುದಿಲ್ಲ, ತಲೆಯ ಮೇಲೇ ಸುತ್ತುತ್ತಿರುತ್ತದೆ ಎನ್ನುತ್ತಿದ್ದರು.

ಅಣ್ಣ ಹೇಳಿದ್ದೇ ಸರಿ, ಇದು ನಾನೇ, ಎಂದುಕೊಂಡಳು. ಎಂದುಕೊಂಡ ಮರುಕ್ಷಣ ಇನ್ನೊಂದು ನೆನಪಾಯಿತು. ತಾನು ಆ ತಪ್ಪನ್ನು ಒಂದೇ ದಿನದಲ್ಲಿ ತಿದ್ದಿಕೊಂಡಿದ್ದಳು. ಹೆದರುಪುಕ್ಕಲಿ, ಅಮ್ಮನ ಬೆರಳು ಕಂಡರೆ ಸಾಕಿತ್ತು. ಈ ಮಂಚದ ಕಾಲಕಡೆಯದು ದಿನಗಟ್ಟಲೆಯಾದರೂ ತಿದ್ದಿಕೊಳ್ಳುತ್ತಿಲ್ಲ. ಇದಕ್ಕೆ ಹಟವಿದೆ. ಇದು ತಾನಲ್ಲ.

ತನ್ನ ಮಗು ಬದುಕಿದ್ದಿದ್ದರೆ ಈಗ ಜಪಸರ ಕಲಿಯುವ ವಯಸ್ಸು.

"ಪಾ-ಪಿ-ಗಳಾದ," ಎಂದರು ಅಮ್ಮ ಗೋಡೆಯಾಚೆ.

ಹಲ್ಲಿನಕ್ಕ ಎದ್ದ ರಭಸಕ್ಕೆ ದವಡೆ ಕೆಳಗೆ ಬಿದ್ದು ಎರಡು ತುಂಡಾಯಿತು. ಅವಳು ತಿರುಗಿ ನೋಡಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಆ ಮಂಚಕ್ಕೂ ಆ ಖಾಲಿ ಜಾಗಕ್ಕೂ ನಡುವೆ ನಿಂತು, ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಕಕ್ಕಿದಳು.

"ಅವಳು ಪಾಪಿ ಅಲ್ಲಮ್ಮಾ! ಯಾವ ಪಾಪ ಮಾಡಿದ್ಲು ಅವಳು? ಕಣ್ಣು ಕೂಡ ಸರಿಯಾಗಿ ಬಿಟ್ಟಿರಲಿಲ್ಲ. ನಿನ್ನ ತೋಳಲ್ಲಿ ಇದ್ಲು. ನಲ್ಲಿ ಪಕ್ಕದಲ್ಲೇ ಇತ್ತು. ನೀನೇ ನೀರು ಹಾಕಮ್ಮಾ ಅಂತ ನಾನು ಹಾಸಿಗೆಯಿಂದ ಕಿರುಚಿಕೊಂಡೆ. ಸಾಯೋ ಮಗುವಿಗೆ ಯಾರು ಬೇಕಾದ್ರೂ ಜ್ಞಾನಸ್ನಾನ ಕೊಡಬಹುದು, ನೀನೇ ಹೇಳಿಕೊಟ್ಟಿದ್ದು. ನೀನು ಏನು ಮಾಡ್ದೆ? ಫಾದರ್ ಬರ್ಲಿ, ಫಾದರ್ ಬರ್ಲಿ ಅಂತ ಬಾಗಿಲು ನೋಡ್ಕೊಂಡು ನಿಂತೆ. ಜ್ಞಾನಸ್ನಾನದ ಮಾತು ತಪ್ಪಿಹೋದ್ರೆ ಅಂತ ಹೆದರಿದೆ. ಒಂದು ಮಾತು ತಪ್ಪಿದ್ರೆ ದೇವರು ಏನು ಮಾಡ್ತಿದ್ದ, ಹಲ್ಲು ಉದುರಿಸ್ತಿದ್ನಾ? ಪಾಪಿ ಯಾರಮ್ಮಾ ಈ ಮನೇಲಿ? ಅವಳಾ?"

ಹೇಳಿ ಮುಗಿದ ಮೇಲೆ ಅವಳಿಗೆ ಮಾತಿಲ್ಲದ ಮುದುಕಿಯ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು, ಕೂಗಾಡಿದ ಮಾತು ಒಂದೂ ಸುಳ್ಳಲ್ಲ ಎಂಬ ಸಿಟ್ಟೂ ಇತ್ತು. ಅಮ್ಮ ಅವಳನ್ನೇ ನೋಡುತ್ತಿದ್ದರು. ಎತ್ತಿದ ಬೆರಳು ಹಾಗೇ ಎತ್ತಿದಂತಿತ್ತು. ಸೊಟ್ಟ ಬಾಯಿ ಎರಡು ಸಲ ತೆರೆಯಿತು, ಏನೂ ಬರಲಿಲ್ಲ. ಒಂದು ಕಣ್ಣಿನಿಂದ ಮಾತ್ರ, ಸ್ವಾಧೀನವಿದ್ದ ಕಡೆಯ ಕಣ್ಣಿನಿಂದ, ನೀರು ಇಳಿಯಿತು. ಬೆರಳು ನಿಧಾನಕ್ಕೆ ಮಡಚಿಕೊಂಡಿತು.

ಹಲ್ಲಿನಕ್ಕ ಸೆರಗಿನಿಂದ ಅಮ್ಮನ ಮುಖ ಒರೆಸಿದಳು. ಆಗ ಗಮನಿಸಿದಳು, ತನ್ನ ಬೆನ್ನ ಹಿಂದೆ ಹಾಸಿಗೆಯ ಅಂಚು ತುಸು ತಗ್ಗಿತ್ತು. ಕೈಯಿಂದ ಸವರಿ ಸರಿಮಾಡಿದಳು. ಅಲ್ಲಿ ಬಟ್ಟೆ ಬೆಚ್ಚಗಿತ್ತು. ಬಿಸಿಲು ಇದ್ದದ್ದು ಎದುರು ಗೋಡೆಯ ಮೇಲೆ.

ಮರುದಿನ ಮಧ್ಯಾಹ್ನ ಅಮ್ಮ ಜಪಸರ ಹಿಡಿದುಕೊಂಡು ಸುಮ್ಮನೆ ಕೂತರು. ನಾನೇ ಇದನ್ನೂ ಕಿತ್ತುಕೊಂಡೆನಲ್ಲ ಎಂದು ಹಲ್ಲಿನಕ್ಕ ತನ್ನನ್ನೇ ಬೈದುಕೊಂಡಳು. ಬಾಗಿಲ ಬಳಿ ನಿಂತು ಕಾದಳು. ಅಮ್ಮ ಮಂಚದ ಕಾಲಕಡೆ ನೋಡುತ್ತಿದ್ದರು. ಹುಬ್ಬು ಸ್ವಲ್ಪ ಮೇಲೇರಿತ್ತು, ಪುಟ್ಟವರು ಮೊದಲ ಸಲ ಏನನ್ನಾದರೂ ಒಬ್ಬರೇ ಮಾಡುವಾಗ ಅಜ್ಜಿಯರು ನೋಡುವ ಹಾಗೆ. ಈ ಮನೆಯಲ್ಲಿ ಒಂದು ಕ್ರಮವಿತ್ತು. ಉತ್ತರ ಹೇಳಲು ಪೂರ್ತಿ ಕಲಿತ ಮಗುವಿಗೆ ಮೊದಲರ್ಧ ಹೇಳುವ ಅವಕಾಶ ಸಿಗುತ್ತಿತ್ತು. ಅವಳಿಗೂ ಸಿಕ್ಕಿತ್ತು, ಅಣ್ಣನಿಗೂ ಸಿಕ್ಕಿತ್ತು.

'ನಮೋ ಮರಿಯೇ' ಇಂದ 'ಯೇಸು ಧನ್ಯರು' ತನಕ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೋಣೆ ಸುಮ್ಮನಿತ್ತು. ಆಮೇಲೆ ಅಮ್ಮ ಉತ್ತರ ಕೊಟ್ಟರು. ಲಕ್ವವಾದ ಮೇಲೆ ಅವರ ಬಾಯಿಂದ ಉತ್ತರಾರ್ಧ ಪೂರ್ತಿಯಾಗಿ ಬಂದದ್ದು ಅದೇ ಮೊದಲು.

"ಸಂತ ಮರಿಯೇ, ದೇವರ ಮಾತೆಯೇ," ಎಂದರು ಅಮ್ಮ. ಒಮ್ಮೆ ಉಸಿರು ತೆಗೆದುಕೊಂಡರು. ಮಗಳ ಕಡೆ ನೋಡಿದರು. "ಪಾಪುಗಳಾದ ನಮಗಾಗಿ..."

ಬಾಯಿ ತಪ್ಪಿ ಬಂದದ್ದಲ್ಲ. ಮುಂದಿನ ಮಣಿಗೂ ಹಾಗೇ ಅಂದರು, ಅದರ ಮುಂದಿನದಕ್ಕೂ. ಒಂದಕ್ಷರ ತಪ್ಪೀತೆಂದು ಹೆದರಿ ಮೊಮ್ಮಗಳಿಗೆ ನೀರು ಹಾಕದೆ ನಿಂತಿದ್ದ ಹೆಂಗಸು, ಸಾಯುವ ಕಾಲಕ್ಕೆ, ಗೊತ್ತಿದ್ದೂ ಗೊತ್ತಿದ್ದೂ, ಮಣಿ ಮಣಿಗೂ ಆ ಅಕ್ಷರವನ್ನು ತಪ್ಪಿಸಿ ಹೇಳಿದರು. ಹಲ್ಲಿನಕ್ಕ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತಳು. ಕ್ಷಮೆ ಕೇಳುವುದಕ್ಕೆ ಅಮ್ಮನ ಬಳಿ ಬೇರೆ ಮಾತೇ ಇರಲಿಲ್ಲ. ಇದ್ದ ಒಂದೇ ಮಾತನ್ನು ಮುರಿದು ಕೊಟ್ಟಿದ್ದರು.

ಆದರೂ ಅವಳು ಬಾಯಿ ಬಿಟ್ಟು ಉತ್ತರ ಹೇಳಲಿಲ್ಲ. ಅಮ್ಮನನ್ನು ಕ್ಷಮಿಸುವುದು ಬೇರೆ, ಅದು ಬೇರೆ.

ಕೆಲವು ವಾರ ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ, ಗಂಜಿ ಕುಡಿಸಲು ಹೋದಾಗ, ಅಮ್ಮ ಹೋಗಿಬಿಟ್ಟಿದ್ದರು. ಅಂತ್ಯಕ್ರಿಯೆ ಚೆನ್ನಾಗಿಯೇ ಆಯಿತು. ಬೆಂಚುಗಳೆಲ್ಲ ನೇರವಾಗಿದ್ದವು. ಈಗಿನ ಫಾದರ್ ಅಮ್ಮನ ಹೆಸರು ಹಿಡಿದು, ಇವರನ್ನು ನಿನ್ನ ಮನೆಗೆ ಸೇರಿಸಿಕೋ ಎಂದು ಮತ್ತೆ ಮತ್ತೆ ಕೇಳಿದರು. ಹಲ್ಲಿನಕ್ಕ ಕೊನೆಯ ಸಾಲಿನಲ್ಲಿ ತುಟಿ ಬಿಗಿದುಕೊಂಡು ಕೂತಿದ್ದಳು. ಅಮ್ಮನಿಗಾಗಿ ಕೇಳಿದ್ದು ಅವಳಿಗೆ ಸಂತೋಷವೇ. ಇನ್ನೊಬ್ಬಳಿಗಾಗಿ ಕೇಳದೆ ಇದ್ದದ್ದು ಮಾತ್ರ ಮತ್ತೆ ಹಸಿಯಾಯಿತು.

ಎಲ್ಲ ಮುಗಿದ ಮೇಲೆ, ಮಂಚ ಬಿಚ್ಚಿಟ್ಟು ಹೋಗುತ್ತೇನೆಂದು ಅಣ್ಣ ಒಂದು ಮಧ್ಯಾಹ್ನ ಬಂದ. ಸ್ಪ್ಯಾನರು ಹಿಡಿದು ಕೂತವನಿಗೆ ಮನಸ್ಸು ಬರಲಿಲ್ಲ. ಮಂಚದ ತಲೆಕಡೆ ನೇತು ಹಾಕಿದ್ದ ಜಪಸರ ಕೈಗೆತ್ತಿಕೊಂಡ.

"ಅಮ್ಮನಿಗೋಸ್ಕರ ಒಂದು ಹತ್ತು ಮಣಿಯಾದ್ರೂ ಹೇಳೋಣ. ನೀನು ಉತ್ತರ ಕೊಡೋದೇನೂ ಬೇಡ, ಎರಡೂ ನಾನೇ ಹೇಳ್ಕೋತೀನಿ. ಸುಮ್ನೆ ಜೊತೆಗೆ ಕೂತ್ಕೋ."

ಅವಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಳು. ಬಿಸಿಲು ಎದುರು ಗೋಡೆಗೆ ಬಿದ್ದಿತ್ತು. ಅಣ್ಣ ಗಂಟಲು ಸರಿಮಾಡಿಕೊಂಡು, ಚರ್ಚಿನ ಮೈಕಿನ ಮುಂದೆ ಹೇಳುವ ತುಂಬಿದ ದನಿಯಲ್ಲಿ 'ನಮೋ ಮರಿಯೇ' ಎಂದು ಎತ್ತಿಕೊಂಡ. ನಾಲ್ಕು ಮಾತು ಹೋಗುವಷ್ಟರಲ್ಲಿ ದನಿ ಇಳಿಯಿತು. ಇನ್ನೆರಡು ಮಾತಿಗೆ ನಿಂತೇಹೋಯಿತು. ತಿರುಗಿ ತಂಗಿಯನ್ನು ನೋಡಿದ.

"ನನ್ನ ಜೊತೆ ಹೇಳಿದ್ದು ನೀನಾ?"

"ನಾನು ಬಾಯೇ ಬಿಟ್ಟಿಲ್ಲ."

"ತಮಾಷೆ ಮಾಡಬೇಡ. ಸಣ್ಣ ದನಿ. ನನ್ನ ಮೊಣಕಾಲ ಹತ್ರ."

ಅವಳಿಗೆ ಒಮ್ಮೆಯೂ ಕೇಳಿಸದ ದನಿ ಅಣ್ಣನಿಗೆ ಕೇಳಿಸಿತ್ತು. ಹೆತ್ತವಳಿಗೆ ಕೇಳಿಸದೆ ಇವನಿಗೆ ಕೇಳಿಸಿತಲ್ಲ ಎಂದು ಆ ಗಳಿಗೆಯಲ್ಲೂ ಹೊಟ್ಟೆ ಉರಿಯಿತು. ಅಣ್ಣನ ಮುಖ ಬಿಳಿಚಿಕೊಂಡಿತ್ತು. ಎದ್ದವನು ಮಂಚದ ಕಾಲಕಡೆಯನ್ನು ಸುತ್ತಿ ಬಳಸಿ, ಗೋಡೆಗೆ ಬೆನ್ನು ಒತ್ತಿಕೊಂಡು ಬಾಗಿಲಿಗೆ ಬಂದ.

"ಇದು ಸರಿ ಇಲ್ಲ. ಈ ಮನೇಲಿ ಏನೋ ಇದೆ. ಫಾದರನ್ನ ಕರ್ಕೊಂಡು ಬರ್ತೀನಿ, ಕೋಣೆ ಕೋಣೆಗೂ ತೀರ್ಥ ಹಾಕಿಸಿ ಮಂತ್ರಿಸಿಬಿಡೋಣ. ಏನೇ ಇದ್ರೂ ಬಿಟ್ಟು ಹೋಗುತ್ತೆ."

"ಆವತ್ತು ಒಂದು ತೊಟ್ಟು ನೀರು ಹಾಕೋಕೆ ಯಾರಿಗೂ ಕೈ ಬರಲಿಲ್ಲ. ಈಗ ಓಡಿಸೋಕೆ ಬಾಟಲಿ ತುಂಬಾ ತರ್ತೀಯಾ?"

ಅಣ್ಣನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಅವನು ಇನ್ನಷ್ಟು ಹೆದರಿದ. ತಂಗಿಯ ಮುಖ ನೋಡಲಾರದೆ, ಚಪ್ಪಲಿ ಮೆಟ್ಟಿದನೋ ಇಲ್ಲವೋ, ಬೀದಿಗಿಳಿದು ಚರ್ಚಿನ ಕಡೆ ಹೊರಟ. ಹುಟ್ಟಿದಾಗಿನಿಂದ ಪರಲೋಕ ಉಂಟೆಂದು ಎದೆ ತಟ್ಟಿ ಹೇಳಿದವನು, ಅದು ಮೊಣಕಾಲ ಹತ್ತಿರ ಬಂದು ಕೂತ ಕೂಡಲೇ ಓಡಿಹೋಗಿದ್ದ.

ಹಲ್ಲಿನಕ್ಕ ಮುಂಬಾಗಿಲ ಚಿಲಕ ಹಾಕಿ ಬಂದಳು. ಸ್ಟೂಲು ಬಿಟ್ಟು, ಅಣ್ಣ ಬಿಟ್ಟುಹೋಗಿದ್ದ ಜಪಸರ ಎತ್ತಿಕೊಂಡು, ಅಮ್ಮ ಕೂರುತ್ತಿದ್ದ ಜಾಗದಲ್ಲಿ ಹಾಸಿಗೆಯ ಮೇಲೆ ಕೂತಳು. ಏನೂ ಕಾಣಿಸಲಿಲ್ಲ. ಏನೂ ಕೇಳಿಸಲಿಲ್ಲ. ಮೌನ ಮಾತ್ರ ಇತ್ತು, ಆದರೆ ಅದು ಖಾಲಿ ಮೌನವಲ್ಲವೆಂದು ಅವಳ ನಾಲಿಗೆಗೆ ಗೊತ್ತಿತ್ತು. ಮಾತು ಮಾತಿಗೂ ಅದು ಬಾಯೊಳಗೆ ಮಿಸುಕುತ್ತಿತ್ತು. ಈಗ 'ನಮೋ'. ಈಗ 'ಸ್ತ್ರೀಯರಲ್ಲಿ'. ಈಗ 'ಯೇಸು ಧನ್ಯರು'. ಅಲ್ಲಿಗೆ ಮೌನ ನಿಂತಿತು. ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಕಾದು, ಮೌನ ಮತ್ತೆ ಮೊದಲಿನಿಂದ ಶುರುವಾಯಿತು. ಕೊನೆಗೆ ಬಂದು ಮತ್ತೆ ನಿಂತಿತು. ಮತ್ತೆ ಮೊದಲಿನಿಂದ.

ಅಮ್ಮ ಹೋದ ದಿನದಿಂದ ಪ್ರತಿ ಮಧ್ಯಾಹ್ನವೂ ಇದು ಹೀಗೇ ನಡೆದಿರಬೇಕು ಎಂದು ಅವಳಿಗೆ ಹೊಳೆಯಿತು. ಅವಳು ಗೋಡೆಯಾಚೆ ದವಡೆಗೆ ಹಲ್ಲು ಕೂರಿಸುತ್ತಿದ್ದಾಗ, ಈ ಕೋಣೆಯಲ್ಲಿ ಒಬ್ಬಳು ಅರ್ಧ ಹೇಳಿ, ಕಾದು, ಯಾರೂ ಎತ್ತಿಕೊಳ್ಳದೆ, ತನ್ನದೇ ತಪ್ಪಿರಬೇಕೆಂದು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

ಹೊರಗೆ ಬೀದಿಯಲ್ಲಿ ಅಣ್ಣನ ದನಿ ಕೇಳಿಸಿತು, ಜೊತೆಗೆ ಫಾದರ್ ದನಿ. ಬಾಗಿಲು ಬಡಿದರು. ಬಾಯಿ ಬಿಟ್ಟರೆ ಅವರಿಬ್ಬರಿಗೂ ಕೇಳಿಸುತ್ತದೆ. ಹಲ್ಲಿನಕ್ಕ ಮರಳಿ ಬಂದಳು ಎಂದು ನಾಳೆಯೇ ಚರ್ಚಿನಲ್ಲಿ ಡಂಗುರವಾಗುತ್ತದೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಸಿಟ್ಟು, ಆ ಮಗುವಿನ ಹೆಸರಿನಲ್ಲಿ ಅವಳ ಬಳಿ ಇದ್ದ ಒಂದೇ ಆಸ್ತಿ, ಅದೂ ಕೈಬಿಟ್ಟು ಹೋಗುತ್ತದೆ. ಮರಳಿ ಬಂದದ್ದಲ್ಲ ಎಂದು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ದೇವರಿದ್ದಾನೆಂದು ಅವಳಿಗೆ ಈಗಲೂ ಅನಿಸಿರಲಿಲ್ಲ. ಎದುರಿಗೆ ಒಬ್ಬಳಿದ್ದಾಳೆ ಎನ್ನುವುದಷ್ಟೇ ಗೊತ್ತಿತ್ತು.

ಮೌನ ಮತ್ತೊಮ್ಮೆ ಅರ್ಧಕ್ಕೆ ಬಂದು ನಿಂತಿತು.

"ಸಂತ ಮರಿಯೇ," ಎಂದಳು ಅವಳು. ದನಿ ತುಕ್ಕು ಹಿಡಿದ ಕೀಲಿನಂತೆ ಕಿರುಗುಟ್ಟಿತು. ಬಾಗಿಲು ಬಡಿಯುವುದು ನಿಂತಿತು. "ದೇವರ ಮಾತೆಯೇ, ಪಾಪುಗಳಾದ ನಮಗಾಗಿ, ಈಗಲೂ ನಮ್ಮ ಮರಣದ ಸಮಯದಲ್ಲಿಯೂ ಪ್ರಾರ್ಥಿಸಿರಿ. ಆಮೆನ್."

ಹಾಸಿಗೆಯ ಕಾಲಕಡೆ ಅಂಚು ಮೆಲ್ಲಗೆ ತಗ್ಗಿತು. ಹೊರಗಿನವರು ಹೊರಗೇ ನಿಂತಿದ್ದರು. ತಾಯಿ ಮಣಿ ಸರಿಸಿ, ಮಗಳು ಮುಂದಿನದನ್ನು ಶುರು ಮಾಡಲಿ ಎಂದು ಕಾದಳು.